ಪ್ರಾರ್ಥನೆಯ ಹೊತ್ತಿಗೇ ನಿಲ್ಲುತ್ತಿದ್ದ ಲೈವ್

ಮದುವೆಯ ಲೈವ್ ನಿಂತರೆ ಬೈಗುಳ ಬರುತ್ತದೆ. ಮುಹೂರ್ತದ ಹೊತ್ತಿಗೆ ಪರದೆ ಕಪ್ಪಾದರೆ ಹುಡುಗಿಯ ಸೋದರಮಾವ ಮಂಟಪದಿಂದಲೇ ಕೂಗಾಡುತ್ತಾರೆ, ನಾನೂ ನನ್ನ ಹುಡುಗರ ಮೇಲೆ ಕೂಗಾಡುತ್ತೇನೆ, ಹೇಗೋ ಲೈನ್ ಬರುತ್ತದೆ, ಆಮೇಲೆ ಎಲ್ಲರೂ ಒಂದೇ ಪಂಕ್ತಿಯಲ್ಲಿ ಕೂತು ಊಟ ಮಾಡುತ್ತೇವೆ. ಚಾಮರಾಜಪೇಟೆಯ ಆ ಚರ್ಚಿನಲ್ಲಿ ಮಾತ್ರ ಯಾರೂ ಬೈಯಲಿಲ್ಲ. ಮೊದಲ ಸಲ ಲೈವ್ ನಿಂತಾಗ "ಪರವಾಗಿಲ್ಲ ಬಿಡಮ್ಮ" ಅಂದರು. ಬೈದಿದ್ದರೆ ನಾನು ತಿರುಗಿಸಿ ಏನಾದರೂ ಹೇಳಿ ಹಗುರಾಗುತ್ತಿದ್ದೆ.

ಕೆಲಸ ಒಪ್ಪಿಸಲು ಮಲ್ಲೇಶ್ವರದ ನನ್ನ ಅಂಗಡಿಗೆ ಬಂದವರು ಆ ಚರ್ಚಿನ ಹಿರಿಯರೊಬ್ಬರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಜೇಬಿನಲ್ಲಿ ಒಂದು ಹಳೆಯ ಫೋನು. ಚರ್ಚಿನಲ್ಲಿ ಮೂರು ಸಂಜೆ ಉಜ್ಜೀವನ ಕೂಟ ಅಂತ ವಿಶೇಷ ಪ್ರಾರ್ಥನಾ ಸಭೆಗಳಿವೆ, ಮೂರನ್ನೂ ಲೈವ್ ಮಾಡಬೇಕು ಅಂದರು. ಎಷ್ಟು ಜನ ನೋಡಬಹುದು ಎಂದು ಕೇಳಿದೆ. ಅದರ ಮೇಲೆ ಎಲ್ಲ ಲೆಕ್ಕಾಚಾರ ನಿಂತಿರುತ್ತದೆ.

"ಎಷ್ಟು ಜನಾನೋ ಗೊತ್ತಿಲ್ಲಮ್ಮ. ನಮ್ಮನೆಯವ್ರು ನೋಡ್ಬೇಕು, ಅಷ್ಟೇ" ಅಂದರು.

ಅವರ ಹೆಂಡತಿ ಅದೇ ಚರ್ಚಿನ ಗಾಯನ ಮಂಡಳಿಯನ್ನು ಬಹಳ ವರ್ಷ ನಡೆಸಿದವರು. ಎಲ್ಲರೂ ಅವರನ್ನು ಕ್ವಯರ್ ಟೀಚರ್ ಅನ್ನುತ್ತಿದ್ದರಂತೆ. ಈಗ ಗಂಟಲಿನಲ್ಲಿ ಗಡ್ಡೆ. ಉಸಿರಾಟಕ್ಕೆ ಕಷ್ಟ, ಶ್ರೀರಾಂಪುರದ ಮನೆಯ ಮೆಟ್ಟಿಲು ಇಳಿಯುವ ಹಾಗಿಲ್ಲ. ಮೂರನೆಯ ಕೂಟದ ಮಾರನೇ ಬೆಳಿಗ್ಗೆ ಆಪರೇಷನ್.

"ಧ್ವನಿ ಉಳಿಯುತ್ತೋ ಇಲ್ವೋ ಹೇಳಕ್ಕಾಗಲ್ಲ ಅಂದಿದಾರೆ ಡಾಕ್ಟ್ರು. ಪಾಸ್ಟರ್ ಮಾಡೋ ಪ್ರಸಂಗ ಬರದೇ ಇದ್ರೂ ಪರವಾಗಿಲ್ಲಮ್ಮ. ಕೊನೇಲಿ ಕಾಯಿಲೆಯೋರ್ಗೆ ಅಂತ ಪ್ರಾರ್ಥನೆ ಇರುತ್ತೆ, ಅದರಲ್ಲಿ ಅವಳ ಹೆಸರು ಹೇಳ್ತಾರೆ. ಅದೊಂದು ಸರಿಯಾಗಿ ಬಂದ್ಬಿಡ್ಲಿ."

"ರೆಕಾರ್ಡಿಂಗ್ ಹೇಗೂ ಇರುತ್ತೆ ಅಂಕಲ್. ತಪ್ಪಿದ್ರೂ ಆಮೇಲೆ ನೋಡ್ಬಹುದು."

ಅವರು ತಲೆಯಾಡಿಸಿದರು. "ಆಮೇಲೆ ನೋಡಿದ್ರೆ ಅದು ಪ್ರಾರ್ಥನೆ ಆಗಲ್ಲ. ನಾವೆಲ್ಲ ಆಮೆನ್ ಅಂದಾಗ ಅವಳೂ ಅನ್ಬೇಕು. ಜೊತೇಲಿ ಅನ್ಬೇಕು."

ನನಗೆ ನನ್ನ ಕಸುಬಿನ ಮೂಲಕ ಅರ್ಥವಾಯಿತು. ಮುಹೂರ್ತ ಕಳೆದ ಮೇಲೆ ವಿಡಿಯೋ ನೋಡಿಕೊಂಡು ಯಾರು ಅಕ್ಷತೆ ಹಾಕುತ್ತಾರೆ? ಲೈವ್ ಅಂದರೂ ಅದು ಅರ್ಧ ನಿಮಿಷ ಹಿಂದೆ ಓಡುತ್ತಿರುತ್ತದೆ ಎಂಬ ಸತ್ಯವನ್ನು ಮಾತ್ರ ಅವರಿಗೆ ಹೇಳಲಿಲ್ಲ. ಆದಷ್ಟು ಕಡಿಮೆ ಮಾಡಿಕೊಂಡರಾಯಿತು ಅಂದುಕೊಂಡೆ.

ಚರ್ಚು ಹಳೆಯದು, ಕಲ್ಲಿನ ಗೋಡೆ. ಒಳಗೆ ಕಾಲಿಟ್ಟರೆ ಹೊರಗಿನ ಬಸ್ಸು ಆಟೋಗಳ ಗದ್ದಲ ಸದ್ದಿಲ್ಲದೆ ಹಿಂದೆ ಉಳಿಯುತ್ತದೆ. ಹಿಂಬದಿಯಲ್ಲಿ ಮರದ ಮೆಟ್ಟಿಲು ಹತ್ತಿದರೆ ಮಹಡಿಯ ಗ್ಯಾಲರಿ. ಅಲ್ಲಿ ನನ್ನ ಟೇಬಲ್ ಹಾಕಿದೆ. ಎರಡು ಕ್ಯಾಮೆರಾ, ಒಂದು ಲ್ಯಾಪ್‌ಟಾಪ್, ಇವಕ್ಕೆಲ್ಲ ನನ್ನದೇ ಯುಪಿಎಸ್. ಮೈಕುಗಳ ಧ್ವನಿ ಮಿಕ್ಸರ್‌ನಿಂದ ಒಂದು ವೈರಿನಲ್ಲಿ ಬರುತ್ತಿತ್ತು. ಇಂಟರ್ನೆಟ್ಟಿನ ರೂಟರ್ ಇದ್ದದ್ದು ಮುಂದೆ, ವೇದಿಕೆಯ ಪಕ್ಕದ ಪುಟ್ಟ ಕೋಣೆಯಲ್ಲಿ. ಅದನ್ನು ವೆಸ್ಟ್ರಿ ಅನ್ನುತ್ತಾರೆ. ಪಾಸ್ಟರ್ ತಮ್ಮ ನಿಲುವಂಗಿ ತೊಡುವ ಜಾಗ. ಬೀಗದ ಕೈ ಹಿರಿಯರ ಹತ್ತಿರ.

ಮೊದಲ ಸಂಜೆ ನನಗಿದ್ದ ಒಂದೇ ತಕರಾರು ಫ್ಯಾನುಗಳದ್ದು. ಎತ್ತರದ ಚಾವಣಿಯಿಂದ ಉದ್ದನೆಯ ಕಬ್ಬಿಣದ ಕೊಳವೆಗಳಲ್ಲಿ ಇಳಿಬಿದ್ದ ಹಳೆಯ ಕಾಲದ ಫ್ಯಾನುಗಳು. ಅವುಗಳ ಗುಂಯ್ ಸದ್ದು ಎಲ್ಲ ಮೈಕಿನಲ್ಲೂ ಸೇರಿಕೊಂಡು ಹೆಡ್‌ಫೋನಿನಲ್ಲಿ ಹಿಟ್ಟಿನ ಗಿರಣಿಯ ಹಾಗೆ ಕೇಳುತ್ತಿತ್ತು. ತಗ್ಗು ಸ್ವರಗಳನ್ನು ಕತ್ತರಿಸಿ ಹೇಗೋ ಸಂಭಾಳಿಸಿದೆ. ಹಾಡುಗಳು ಚೆನ್ನಾಗಿ ಹೋದವು. ಪ್ರಸಂಗ ಚೆನ್ನಾಗಿ ಹೋಯಿತು. ಟೀಚರ್ ಮನೆಯಲ್ಲಿ ಅವರ ತಂಗಿ ಇದ್ದರು. ಚಿತ್ರ, ಧ್ವನಿ ಎರಡೂ ಸ್ಪಷ್ಟವಾಗಿವೆ ಎಂದು ನನ್ನ ಫೋನಿಗೆ ಮೆಸೇಜ್ ಹಾಕುತ್ತಿದ್ದರು.

ಕೊನೆಗೆ ಪಾಸ್ಟರ್, "ಎಲ್ಲರೂ ಕಣ್ಣು ಮುಚ್ಚೋಣ" ಅಂದರು. ಮೊದಲು ಸ್ವಲ್ಪ ಹೊತ್ತು ಮೌನ ಪ್ರಾರ್ಥನೆ, ಆಮೇಲೆ ಹೆಸರುಗಳು. ಕೆಳಗೆ ಬೆಂಚುಗಳಲ್ಲಿ ಎಲ್ಲರೂ ತಲೆ ಬಾಗಿಸಿದರು. ನಾನೂ ಕಣ್ಣು ಮುಚ್ಚಿದೆ. ಇನ್ನೊಬ್ಬರ ದೇವರ ಮುಂದೆ ನಿಂತಾಗ ಅವರು ಮಾಡಿದ ಹಾಗೆ ಮಾಡಬೇಕು ಎಂದು ನಮ್ಮನೆಯಲ್ಲಿ ಕಲಿಸಿದ್ದರು. ಹೆಡ್‌ಫೋನಿನಲ್ಲಿ ಎಂಥಾ ನಿಶ್ಶಬ್ದ! ಇಷ್ಟು ಜನ ಸೇರಿ ಇಷ್ಟು ಸುಮ್ಮನಿರಬಲ್ಲರಲ್ಲ ಎಂದು ನಿಜವಾಗಿ ಬೆರಗಾದೆ.

ಆಮೆನ್ ಕೇಳಿ ಕಣ್ಣು ತೆರೆದರೆ ಪರದೆಯ ಮೇಲೆ ಲೈವ್ ಇದೆಯೆಂದು ತೋರಿಸುವ ಹಸಿರು ಚುಕ್ಕಿ ಹೋಗಿತ್ತು. ಮರುಸಂಪರ್ಕಕ್ಕೆ ಯತ್ನಿಸಲಾಗುತ್ತಿದೆ ಎಂದು ಲ್ಯಾಪ್‌ಟಾಪ್ ಹೇಳುತ್ತಿತ್ತು. ಲೈನ್ ವಾಪಸ್ ಬರುವಷ್ಟರಲ್ಲಿ ಜನ ಹೊರಗೆ ಚಪ್ಪಲಿ ಹುಡುಕುತ್ತಿದ್ದರು. ತಂಗಿಯ ಮೆಸೇಜ್ ಬಂದಿತ್ತು: "ಮೇಡಂ ಪ್ರಾರ್ಥನೆ ಶುರು ಆಗ್ತಿದ್ದಂಗೇ ರೌಂಡ್ ಸುತ್ತಕ್ಕೆ ಶುರು ಆಯ್ತು. ಅಕ್ಕ ಕಣ್ಮುಚ್ಕೊಂಡು ಕಾಯ್ತಾನೇ ಇದ್ರು."

ಹಿರಿಯರು ಮೆಟ್ಟಿಲು ಹತ್ತಿ ಬಂದರು. ಮುಖ ನೋಡಿದರೆ ಅವರಿಗೂ ಸುದ್ದಿ ತಲುಪಿತ್ತು. "ಪರವಾಗಿಲ್ಲ ಬಿಡಮ್ಮ, ಇನ್ನೂ ಎರಡು ದಿನ ಇದೆಯಲ್ಲ" ಅಂದರು.

ನನ್ನ ಅನುಮಾನ ವೈಫೈ ಮೇಲೆ ಹೋಯಿತು. ಇಡೀ ಚರ್ಚಿನ ಉದ್ದ ದಾಟಿ ಗಾಳಿಯಲ್ಲಿ ಬರಬೇಕಾದ ಸಿಗ್ನಲ್ ಅದು, ಮಧ್ಯೆ ಅಷ್ಟೊಂದು ಜನ. ಎರಡನೆಯ ದಿನ ಬೆಳಿಗ್ಗೆಯೇ ಹೋಗಿ ವೆಸ್ಟ್ರಿಯಿಂದ ಗ್ಯಾಲರಿಯವರೆಗೆ ನೆಟ್‌ವರ್ಕ್ ಕೇಬಲ್ ಎಳೆದೆ. ಲ್ಯಾಪ್‌ಟಾಪ್ ಬದಲಾಯಿಸಿದೆ. ವಿಡಿಯೋದ ಗುಣಮಟ್ಟ ಒಂದು ಹಂತ ಇಳಿಸಿದೆ. ಇಂಟರ್ನೆಟ್ ಕಂಪನಿಗೆ ಫೋನ್ ಮಾಡಿ ಕಾಡಿದ್ದಕ್ಕೆ ಒಬ್ಬರು ಬಂದರು. ಅವರ ಮೀಟರಿನಲ್ಲಿ ನೋಡಿ, "ಲೈನ್ ಬೆಣ್ಣೆ ಥರ ಇದೆ ಮೇಡಂ" ಎಂದು ಹೇಳಿ ಹೋದರು. ಮಧ್ಯಾಹ್ನವಿಡೀ ಖಾಲಿ ಬೆಂಚುಗಳನ್ನು ಲೈವ್ ಮಾಡುತ್ತಾ ಕೂತೆ. ಒಂದು ಫ್ರೇಮ್ ಕೂಡ ತಪ್ಪಲಿಲ್ಲ. ಕಾಯಿಲೆಯವರು ಡಾಕ್ಟರ ಮುಂದೆ ಕೂತ ತಕ್ಷಣ ನೋವು ಮಾಯವಾಗುತ್ತದಲ್ಲ, ಹಾಗೆ.

ಎರಡನೆಯ ಸಂಜೆಯೂ ಹಾಡು ಹೋಯಿತು, ಪ್ರಸಂಗ ಹೋಯಿತು. ಪಾಸ್ಟರ್ ಕಣ್ಣು ಮುಚ್ಚೋಣ ಅಂದರು. ಕಣ್ಣು ಮುಚ್ಚಿದೆ, ಆದರೆ ಮನಸ್ಸು ಮುಚ್ಚಲಿಲ್ಲ. ಮೌನ ಮುಗಿಯುವ ಮೊದಲೇ ಒಂದು ಕಣ್ಣು ಅರೆ ತೆರೆದು ಪರದೆ ನೋಡಿದೆ. ಲೈನ್ ಆಗಲೇ ಹೋಗಿತ್ತು. ಈ ಸಲ ಲ್ಯಾಪ್‌ಟಾಪ್ ಬೇರೆ ಮಾತು ಹೇಳುತ್ತಿತ್ತು: ಕೇಬಲ್ ಕಿತ್ತುಬಂದಿದೆ. ಕೇಬಲ್ ನನ್ನ ಕಣ್ಣೆದುರೇ ಇತ್ತು, ಗಟ್ಟಿಯಾಗಿ ಕೂತಿತ್ತು. ತಕ್ಷಣ ನನ್ನ ಫೋನಿನ ಹಾಟ್‌ಸ್ಪಾಟ್ ಹಾಕಿ ಅದಕ್ಕೆ ಬದಲಾಯಿಸಿದೆ. ಆ ಕಲ್ಲಿನ ಗೋಡೆಗಳ ಮಧ್ಯೆ ಫೋನಿಗೆ ಒಂದೇ ಒಂದು ಕಡ್ಡಿ ಸಿಗ್ನಲ್. ಕೆಳಗೆ ಪಾಸ್ಟರ್ ಟೀಚರ ಹೆಸರು ಹೇಳುವುದು ನನಗೆ ಸ್ಪಷ್ಟವಾಗಿ ಕೇಳುತ್ತಿತ್ತು. ಅದನ್ನು ಶ್ರೀರಾಂಪುರದವರೆಗೆ ದಾಟಿಸಲು ನನ್ನ ಎರಡು ಕ್ಯಾಮೆರಾ, ಎರಡು ಲ್ಯಾಪ್‌ಟಾಪುಗಳಿಂದ ಆಗಲಿಲ್ಲ. ಅಳು ಬಂದ ಹಾಗಾಯಿತು, ಸಿಟ್ಟೂ ಬಂತು.

ಕೂಟ ಮುಗಿದ ಮೇಲೆ ಗ್ಯಾಲರಿಗೆ ಬಂದ ಕೆಲವರಿಗೆ ಕಾರಣ ಖಚಿತವಾಗಿ ಗೊತ್ತಿತ್ತು.

"ಬೇರೆ ಟೈಮಲ್ಲಿ ಯಾಕೆ ಹೋಗಲ್ಲ? ಸರಿಯಾಗಿ ಪ್ರಾರ್ಥನೆ ಹೊತ್ಗೇ ಯಾಕೆ ಹೋಗ್ಬೇಕು? ಇದು ಸೈತಾನನ ಕೆಲಸಾನೇ" ಎಂದರು ಒಬ್ಬರು ಅಜ್ಜಿ. ಆಮೇಲೆ ನನ್ನ ಲ್ಯಾಪ್‌ಟಾಪಿನ ಮೇಲೆ ಕೈಯಿಟ್ಟು, ಈ ಯಂತ್ರವನ್ನು ಅವನ ಕೈಯಿಂದ ಬಿಡಿಸು ಎಂದು ಪ್ರಾರ್ಥಿಸಿದರು. ನಗು ಬರಲಿಲ್ಲ. ಆಯುಧಪೂಜೆಗೆ ಕ್ಯಾಮೆರಾಗಳಿಗೆ ಕುಂಕುಮ ಹಚ್ಚಿ ಚೆಂಡುಹೂ ಮುಡಿಸುವವಳು ನಾನು, ಯಾವ ಬಾಯಲ್ಲಿ ನಗಲಿ? ನಿಜ ಹೇಳಬೇಕೆಂದರೆ ಆ ಹೊತ್ತಿಗೆ ನನಗೂ ಬೇರೆ ವಿವರಣೆ ಇರಲಿಲ್ಲ.

ಹಿರಿಯರು ದೂರ ನಿಂತಿದ್ದರು. "ನಾಳೆ ಒಂದು ದಿನ ಇದೆ" ಅಂದರು. ಈ ಸಲ ಪರವಾಗಿಲ್ಲ ಅನ್ನಲಿಲ್ಲ.

ಮೂರನೆಯ ದಿನ ಆ ಕೇಬಲನ್ನೇ ಕಿತ್ತೆಸೆದು ಹೊಸದು ಎಳೆದೆ, ಎರಡೂ ತುದಿಯ ಪಿನ್ನುಗಳನ್ನು ನಾನೇ ಕೂತು ಒತ್ತಿದೆ. ಇಲಿ ಕಡಿದ ಗುರುತೇನಾದರೂ ಇದೆಯೇ ಎಂದು ಹಳೆಯ ಕೇಬಲನ್ನು ಗೇಣು ಗೇಣಾಗಿ ನೋಡಿದೆ. ಏನೂ ಇರಲಿಲ್ಲ. ಬೇರೆ ಕಂಪನಿಯ ಸಿಮ್ ಇರುವ ಇನ್ನೊಂದು ಫೋನನ್ನು ಕಿಟಕಿಯ ಹೊರಗಿನ ಕಟ್ಟೆಯ ಮೇಲೆ ಕಟ್ಟಿಟ್ಟೆ. ಅಷ್ಟಾದರೂ ಎದೆಯಲ್ಲಿ ಧೈರ್ಯ ಬರಲಿಲ್ಲ. ಕಾರಣ ಗೊತ್ತಿಲ್ಲದೆ ಸಾಮಾನು ಬದಲಾಯಿಸುತ್ತಾ ಹೋಗುವುದು ರಿಪೇರಿಯಲ್ಲ, ಹರಕೆ ಹೊತ್ತ ಹಾಗೆ.

ಪಾಸ್ಟರ್ ಹತ್ತಿರ ಹೋಗಿ ಕೇಳಿಯೂ ಕೇಳಿದೆ: "ಪಾಸ್ಟರ್, ಈಗ ಒಂದ್ಸಲ ಎಲ್ರನ್ನೂ ಕೂರ್ಸಿ ಪ್ರಾರ್ಥನೆ ಟ್ರಯಲ್ ಮಾಡಿ ನೋಡ್ಬಹುದಾ?"

ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ಹಾಡಿಗೆ ರಿಹರ್ಸಲ್ ಇದೆಯಮ್ಮ. ಪ್ರಾರ್ಥನೆಗೆ ಎಲ್ಲಿಂದ ತರ್ಲಿ?"

ಸರಿಯಾದ ಮಾತೇ. ಆದರೆ ಅದರಿಂದಲೇ ನನಗೆ ಒಂದು ಹೊಳೆಯಿತು. ಉಳಿದದ್ದನ್ನೆಲ್ಲ ನಾನು ಕಣ್ಣಾರೆ ನೋಡಿದ್ದೆ. ಲೈನ್ ಹೋಗುವ ಆ ಗಳಿಗೆಯನ್ನು ಮಾತ್ರ ನೋಡಿರಲಿಲ್ಲ. ನಾನು ಮಾತ್ರವಲ್ಲ, ಆ ಕಟ್ಟಡದಲ್ಲಿದ್ದ ಒಬ್ಬರೂ ನೋಡಿರಲಿಲ್ಲ.

"ಹಾಗಾದ್ರೆ ಇವತ್ತು ಪ್ರಾರ್ಥನೆ ಹೊತ್ತಲ್ಲಿ ನಾನು ಕಣ್ಣು ಮುಚ್ಚಲ್ಲ ಪಾಸ್ಟರ್. ಬೇಜಾರ್ ಮಾಡ್ಕೋಬೇಡಿ."

"ಯಾರಾದ್ರೂ ಒಬ್ರು ಬಿಟ್ಕೊಂಡಿರ್ಲಿ ಬಿಡಿ" ಅಂದರು.

ಆ ಸಂಜೆ ಚರ್ಚು ತುಂಬಿತ್ತು. ಹಾಡಿನ ಹೊತ್ತಿಗೆ ತಂಗಿಯ ಮೆಸೇಜ್ ಬಂತು, ಅಕ್ಕ ಎದ್ದು ಕೂತಿದ್ದಾರೆ, ಒಳ್ಳೆ ಸೀರೆ ಉಟ್ಟಿದ್ದಾರೆ ಎಂದು. ಪ್ರಸಂಗ ಮುಗಿಯಿತು. ಎಲ್ಲರೂ ತಲೆ ಬಾಗಿಸಿದರು. ನಾನು ಗ್ಯಾಲರಿಯ ಕಟಕಟೆಗೆ ಆತು ನಿಂತು ಕಣ್ಣು ಬಿಟ್ಟುಕೊಂಡೇ ಇದ್ದೆ. ಅಷ್ಟು ಜನರ ಬಾಗಿದ ಕತ್ತುಗಳನ್ನು ಮೇಲಿನಿಂದ ನೋಡುವುದು ಏನೋ ಕದ್ದು ನೋಡಿದ ಹಾಗಿತ್ತು.

ಮುಂದಿನ ಬೆಂಚಿನಿಂದ ಒಬ್ಬರು ಎದ್ದರು. ಹಿರಿಯರು. ತುದಿಗಾಲಿನಲ್ಲಿ, ತುಟಿ ಅಲ್ಲಾಡಿಸುತ್ತಾ, ಗೋಡೆ ಸವರಿಕೊಂಡು ವೆಸ್ಟ್ರಿಯ ಬಾಗಿಲು ತಳ್ಳಿದರು. ಬಾಗಿಲ ಪಕ್ಕದಲ್ಲೇ ಹಳೆಯ ಮೇನ್ ಬೋರ್ಡು. ಅವರ ಕೈ ಅದರ ಲಿವರಿನ ಮೇಲೆ ಹೋಗಿ ಮೆಲ್ಲಗೆ ಕೆಳಗಿಳಿಯಿತು.

ಚಾವಣಿಯ ಫ್ಯಾನುಗಳು ಒಂದೊಂದಾಗಿ ನಿಧಾನವಾದವು. ಹೆಡ್‌ಫೋನಿನಲ್ಲಿ ಗಿರಣಿ ನಿಂತಿತು. ನಾನು ಎರಡು ದಿನ ಭಕ್ತಿ ಎಂದು ಬೆರಗಾಗಿದ್ದ ನಿಶ್ಶಬ್ದ ಅದು. ಪಕ್ಕದಲ್ಲಿ ಹಸಿರು ಚುಕ್ಕಿ ಆರಿತು.

ಎಲ್ಲವೂ ಒಂದೇ ಸಲಕ್ಕೆ ಅರ್ಥವಾಯಿತು. ಫ್ಯಾನುಗಳ ಲೈನಿಗೇ ವೆಸ್ಟ್ರಿಯ ಸಾಕೆಟ್ ಸೇರಿತ್ತು. ಆ ಸಾಕೆಟ್ಟಿನಲ್ಲಿ ರೂಟರ್ ಇತ್ತು. ಫ್ಯಾನ್ ನಿಂತರೆ ರೂಟರ್ ನಿಲ್ಲುತ್ತದೆ, ಆಮೆನ್ ಆದ ಮೇಲೆ ಫ್ಯಾನ್ ತಿರುಗಿದರೂ ರೂಟರ್ ಕಣ್ಣು ಪಿಳಿಪಿಳಿ ಬಿಟ್ಟು ಎದ್ದು ಕೂರಲು ನಿಮಿಷಗಟ್ಟಲೆ ತೆಗೆದುಕೊಳ್ಳುತ್ತದೆ. ದೀಪ, ಮೈಕು ಬೇರೆ ಲೈನು. ನನ್ನದು ಯುಪಿಎಸ್. ಹಾಗಾಗಿ ಗ್ಯಾಲರಿಯಲ್ಲಿ ಕೂತವಳಿಗೆ ಕರೆಂಟು ಹೋದ ಸುಳಿವೂ ಇಲ್ಲ.

ಕೂಗುವಂತಿಲ್ಲ. ಕಿಟಕಿಯ ಹೊರಗೆ ಕಟ್ಟಿಟ್ಟಿದ್ದ ಫೋನಿಗೆ ಬದಲಾಯಿಸಿದೆ, ಸಂಪರ್ಕಿಸಲಾಗುತ್ತಿದೆ, ಸಂಪರ್ಕಿಸಲಾಗುತ್ತಿದೆ ಎಂದು ಅದು ಹೇಳುತ್ತಲೇ ಇತ್ತು. ಬಿಟ್ಟು ಓಡಿದೆ. ಮರದ ಮೆಟ್ಟಿಲು ಒಂದೊಂದೂ ಕಿರುಗುಟ್ಟಿತು. ಪಕ್ಕದ ಸಾಲಿನಲ್ಲಿ ಗೋಡೆಗೆ ಅಂಟಿಕೊಂಡು ಮುಂದೆ ಹೋಗುವಾಗ ಪಾಸ್ಟರ್ ಮೌನ ಮುಗಿಸಿ ಹೆಸರುಗಳನ್ನು ಶುರು ಮಾಡಿದ್ದರು.

ಹಿರಿಯರು ಬಾಗಿಲಲ್ಲೇ ಕಣ್ಣು ಮುಚ್ಚಿ ನಿಂತಿದ್ದರು, ಕೈ ಇನ್ನೂ ಲಿವರಿನ ಮೇಲೆ. ನಾನು ತೋಳು ಮುಟ್ಟಿದೆ.

"ಅಂಕಲ್, ಇದು..." ಅಂದೆ.

ಅವರು ಬೆಚ್ಚಿ, ಪಿಸುಗುಟ್ಟಿದರು: "ಫ್ಯಾನ್ ಶಬ್ದ ಅವಳಿಗಾಗಲ್ಲಮ್ಮ. ಪ್ರಾರ್ಥನೆಗೆ ಮುಂಚೆ ನಿಲ್ಲಿಸ್ಬೇಕು, ಅವಳದೇ ರೂಲ್ಸು. ಒಂದೊಂದೇ ಸ್ವಿಚ್ ಆಫ್ ಮಾಡಿದ್ರೆ ಟಕಟಕ ಅನ್ನುತ್ತೆ ಅಂತ ಹೀಗೆ ಒಂದೇ ಸಲ ಎಳೀತೀನಿ. ಅವಳಿಲ್ಲ ಅಂತ ಬಿಡಕ್ಕಾಗುತ್ತಾ?" ಆಮೇಲೆ ನನ್ನ ಮುಖ ನೋಡಿ, "ಬರ್ತಿದೆ ಅಲ್ವಾ? ನೋಡ್ತಿದಾಳೆ ಅಲ್ವಾ?" ಅಂದರು.

ಅದೇ ಕ್ಷಣದಲ್ಲಿ ಪಾಸ್ಟರ್ ಟೀಚರ ಹೆಸರು ಹೇಳಿದರು. ನಾಳೆ ಬೆಳಿಗ್ಗೆ ಆಪರೇಷನ್ ಇರುವ ನಮ್ಮ ಸಹೋದರಿ ಅಂದರು. ನಾವಿಬ್ಬರೂ ಅದನ್ನು ಕೇಳುತ್ತಾ ನಿಂತೆವು. ಲಿವರ್ ಎತ್ತಿದರೂ ಪ್ರಯೋಜನವಿಲ್ಲ, ರೂಟರ್ ಏಳುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಇಷ್ಟು ವರ್ಷ ಈ ಕೆಲಸ ಮಾಡಿದವಳಿಗೆ ಮಾಡಲು ಏನೂ ಉಳಿದಿರಲಿಲ್ಲ.

"ನಿಮ್ಮ ಫೋನ್ ತೆಗೀರಿ" ಅಂದೆ. "ಮನೆಗೆ ಫೋನ್ ಮಾಡಿ. ಈಗ್ಲೇ."

ಚರ್ಚಿನೊಳಗೆ ಅವರು ಫೋನನ್ನು ಪೂರ್ತಿ ಆಫ್ ಮಾಡಿಡುವವರು. ಅದು ಎದ್ದು, ಕಂಪನಿಯ ಚಿತ್ರ ತೋರಿಸಿ, ಹುಟ್ಟಿದಾಗಿನಿಂದ ಕಲಿತದ್ದನ್ನೆಲ್ಲ ನೆನಪಿಸಿಕೊಳ್ಳುತ್ತಿತ್ತು. ಒಂದು ಕಡ್ಡಿ ಸಿಗ್ನಲ್. ವಿಡಿಯೋಗೆ ಸಾಲದು, ಮಾತಿಗೆ ಸಾಕು. ಆ ಕಡೆ ಒಂದೇ ರಿಂಗಿಗೆ ಎತ್ತಿದರು. ನಾನು ಸ್ಪೀಕರ್ ಒತ್ತಿ, ಫೋನು ಹಿಡಿದ ಅವರ ಕೈಯನ್ನು ಪಾಸ್ಟರ್ ಇದ್ದ ಕಡೆಗೆ ಚಾಚಿಸಿದೆ. ಹೆಸರುಗಳು ಮುಗಿದಿದ್ದವು. ಪಾಸ್ಟರ್ ಕೊನೆಯ ವಾಕ್ಯದಲ್ಲಿದ್ದರು.

ಇಡೀ ಸಭೆ ಆಮೆನ್ ಅಂದಿತು.

ಆಮೇಲೆ, ಫ್ಯಾನುಗಳಿಲ್ಲದ ಆ ನಿಶ್ಶಬ್ದದಲ್ಲಿ, ಹಳೆಯ ಫೋನಿನ ಪುಟ್ಟ ಸ್ಪೀಕರಿನಿಂದ ಒಂದು ಒಡೆದ ಧ್ವನಿ ಬಂತು: "ಆಮೆನ್."

ಮುಂದಿನ ಎರಡು ಮೂರು ಬೆಂಚುಗಳಲ್ಲಿ ತಲೆಗಳು ಎದ್ದವು. ಆ ಧ್ವನಿಯಿಂದ ಹಾಡು ಕಲಿತವರು ಅವರು, ಗುರುತು ಹಿಡಿಯಲು ಹೊತ್ತು ಬೇಕಾಗಲಿಲ್ಲ. ಯಾರೋ ಬಿಕ್ಕಿದರು. ಪಾಸ್ಟರ್ ನಮ್ಮತ್ತ ತಿರುಗಿ, ಆಶೀರ್ವಚನ ಹೇಳಲು ಎತ್ತಿದ ಕೈಯನ್ನು ಹಾಗೇ ಹಿಡಿದು ನಿಂತರು. ತಮ್ಮ ಹೆಸರು ಹೇಳಿದ್ದು ಟೀಚರಿಗೆ ಮೂರು ದಿನವೂ ಕೇಳಲೇ ಇಲ್ಲ. ಅಷ್ಟು ಸಾಮಾನು ಹೊತ್ತುಕೊಂಡು ಹೋದ ನಾನು ತಲುಪಿಸಿದ್ದು ಒಂದೇ ಒಂದು ಶಬ್ದ, ಅದೂ ಹಿರಿಯರ ಫೋನಿನಲ್ಲಿ.

ಎಲ್ಲ ಹೋದ ಮೇಲೆ ರೂಟರಿನ ಪ್ಲಗ್ಗನ್ನು ಮೈಕಿನ ಲೈನಿನ ಸಾಕೆಟ್ಟಿಗೆ ಬದಲಾಯಿಸಿದೆ. ಎರಡು ನಿಮಿಷದ ಕೆಲಸ. ಹಿರಿಯರು ಬಂದು, "ಕೊನೆಗೂ ಏನಾಗಿತ್ತಮ್ಮ?" ಎಂದು ಕೇಳಿದರು.

ಮಾರನೇ ಬೆಳಿಗ್ಗೆ ಹೆಂಡತಿಯನ್ನು ಆಪರೇಷನ್ನಿಗೆ ಕರೆದುಕೊಂಡು ಹೋಗಬೇಕಾದ ಮನುಷ್ಯ.

"ಕೇಬಲ್ ಅಂಕಲ್" ಅಂದೆ. "ಒಳಗೆಲ್ಲೋ ಕಟ್ ಆಗ್ತಿತ್ತು."

ಕೆಲವು ವಾರಗಳಾದ ಮೇಲೆ ಒಂದು ಮಧ್ಯಾಹ್ನ ಅವರು ಅಂಗಡಿಗೆ ಬಂದರು. ಅದೇ ಇಸ್ತ್ರಿ ಅಂಗಿ. ಟೀಚರ್ ಹೇಗಿದ್ದಾರೆ ಎಂದು ಕೇಳಿದೆ. ಜೀವಕ್ಕೆ ತೊಂದರೆಯಿಲ್ಲ ಎಂದು ಹೇಳಿ, ಧ್ವನಿ ಮಾತ್ರ ಹೋಯಿತು ಎನ್ನುವಂತೆ ಕತ್ತಿನ ಹತ್ತಿರ ಕೈಯಾಡಿಸಿದರು. ನಾನು ಕಾಫಿ ತರಿಸಿದೆ.

"ಆವತ್ತಿನ ರೆಕಾರ್ಡಿಂಗ್ ಇದೆಯಾಮ್ಮ? ಅವಳು ಆಮೆನ್ ಅಂದಿದ್ದು?"

ಲೈವ್ ಕಡಿದರೂ ಲ್ಯಾಪ್‌ಟಾಪಿನಲ್ಲಿ ರೆಕಾರ್ಡಿಂಗ್ ನಡೆದೇ ಇರುತ್ತದೆ. ಹುಡುಕಿ, ಹೆಡ್‌ಫೋನನ್ನು ಅವರ ಕಿವಿಗೆ ಹಾಕಿದೆ. ಪಾಸ್ಟರ್ ಮೈಕು ವೆಸ್ಟ್ರಿಯ ಬಾಗಿಲಿಗೆ ಹತ್ತಿರವಿತ್ತು. ಸಣ್ಣಗೆ, ಆದರೆ ಗುರುತಾಗುವಷ್ಟು ಕೇಳುತ್ತಿತ್ತು. ಅವರು ಕಣ್ಣು ಮುಚ್ಚಿ ಕೇಳಿದರು. ಮತ್ತೆ ಹಾಕಿ ಎಂದು ಸನ್ನೆ ಮಾಡಿದರು. ಮತ್ತೆ ಹಾಕಿದೆ.

ಹೆಡ್‌ಫೋನ್ ತೆಗೆದು ಟೇಬಲ್ಲಿನ ಮೇಲಿಟ್ಟು, ಅದನ್ನೇ ನೋಡುತ್ತಾ ಹೇಳಿದರು: "ವೆಸ್ಟ್ರಿ ಗುಡಿಸ್ಬೇಕಾದ್ರೆ ನೋಡ್ದೆ. ಇಂಟರ್ನೆಟ್ ಡಬ್ಬಿ ಪ್ಲಗ್ಗು ಬೇರೆ ಕಡೆ ಇತ್ತು. ಹಳೇ ಸಾಕೆಟ್ಟಿಗೆ ಟೆಸ್ಟರ್ ಇಟ್ಟು ಲಿವರ್ ಎಳ್ದೆ. ಟೆಸ್ಟರ್ ದೀಪ ಆರ್ಹೋಯ್ತು."

ನಾನು ಕಾಫಿ ಲೋಟವನ್ನು ಅವರತ್ತ ಸರಿಸಿದೆ.

"ಅವಳಿಗೆ ಕೇಬಲ್ ಅಂತಾನೇ ಹೇಳಿದೀನಿ. ನೀವು ನಂಗೆ ಹೇಳ್ದಂಗೇ."

ಕಾಫಿ ತಣ್ಣಗಾಗುತ್ತಿತ್ತು. ಏನಾದರೂ ಕೆಲಸ ಮಾಡಬೇಕಲ್ಲ ಎಂದು ನಾನು ಮೌಸ್ ಹಿಡಿದು, "ಆಮೆನ್ ಒಂದನ್ನೇ ಕಟ್ ಮಾಡಿ ಫೋನಿಗೆ ಹಾಕ್ಕೊಡ್ತೀನಿ ಅಂಕಲ್" ಅಂದೆ.

"ಬೇಡ" ಅಂದರು. "ಫ್ಯಾನ್ ನಿಲ್ಲೋ ಕಡೆಯಿಂದ ಕೊಡಿ. ನಾನು ಮರ್ತಿರ್ಲಿಲ್ಲ ಅಂತ ಅವಳಿಗೆ ಗೊತ್ತಾಗ್ಲಿ."